ಹದಿನಾಲ್ಕನೆಯ ಹಾಸಿಗೆಯ ಊಟ

ಪುಟ್ಟಲಕ್ಷ್ಮಿ ತೀರಿಕೊಂಡಳೆಂಬ ಸುದ್ದಿ ಬಂದಾಗ ಬೀರಪ್ಪನವರು ಅವಳ ಊಟದ ಡಬ್ಬಿಗಳನ್ನು ತೊಳೆಯುತ್ತಿದ್ದರು.

ಕೊರೊನಾದ ಎರಡನೆಯ ಅಲೆಯ ವರ್ಷ, ಮೇ ಹದಿನಾರು, ಭಾನುವಾರ ಮಧ್ಯಾಹ್ನ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ಸಮತಾಳ ಮನೆಯ ಹಿತ್ತಲಲ್ಲಿ, ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಆಸ್ಪತ್ರೆಯಿಂದ ಆಗತಾನೆ ಹಿಂದಿರುಗಿದ ಕ್ಯಾರಿಯರಿನ ಮೇಲೆ ಬಿಸಿನೀರು ಸುರಿದು ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದರು. ಸಮತಾ ಪುಟ್ಟಲಕ್ಷ್ಮಿಯ ತಮ್ಮನ ಮಗಳು. ಮಕ್ಕಳಿಲ್ಲದ ಬೀರಪ್ಪ ದಂಪತಿಗಳು ಅವಳನ್ನೇ ಮಗಳೆಂದು ತಿಳಿದಿದ್ದರು. ಪುಟ್ಟಲಕ್ಷ್ಮಿಯನ್ನು ಶಿವಮೊಗ್ಗದಲ್ಲಿ ಸೇರಿಸಿದ ದಿನದಿಂದ ಬೀರಪ್ಪನವರು ಭದ್ರಾವತಿಯ ಮನೆಗೆ ಬೀಗ ಹಾಕಿ ಇಲ್ಲೇ ಉಳಿದಿದ್ದರು.

ಗಂಜಿಯ ಡಬ್ಬಿಯಲ್ಲಿ ಒಂದು ಅಗುಳೂ ಇರಲಿಲ್ಲ. ಹುರುಳಿ ಕಟ್ಟಿನ ಸಾರಿನ ಡಬ್ಬಿಯಲ್ಲಿ ಬೆರಳಿನಿಂದ ಬಳಿದು ತಿಂದ ಗೆರೆಗಳಿದ್ದವು.

"ನೋಡಿದ್ಯಾ ಸಮತಾ, ನಿಮ್ಮತ್ತೆ ಡಬ್ಬಿ ಬಳ್ದಿಟ್ಟಿದಾಳೆ" ಎಂದರು ಅವರು.

ಸಮತಾ ಬಾಗಿಲಲ್ಲಿ ನಿಂತು ನಕ್ಕಳು. "ಬಂದ್ಮೇಲೆ ಅತ್ತೆ ಇನ್ನು ಒಲೆ ಹತ್ರ ಸುಳಿಯಲ್ಲ ಮಾವ. ಅಡುಗೆ ಭಟ್ಟರು ಸಿಕ್ಕಿದಾರೆ ಅಂತಾರೆ."

"ಸುಳೀಬಾರ್ದು. ಇನ್ಮೇಲೆ ನಾನೇ ಮಾಡ್ತೀನಿ."

ಆಗ ಕಿಸೆಯಲ್ಲಿದ್ದ ಫೋನು ಬಡಿದುಕೊಂಡಿತು. ದಣಿದ ಹೆಣ್ಣುದನಿ.

"ಪುಟ್ಟಲಕ್ಷ್ಮಿ ಅನ್ನೋರ ಕಡೆಯವರಾ? ಅವರು ಬೆಳಗ್ಗೆ ಆರು ಗಂಟೆಗೆ ತೀರ್ಕೊಂಡ್ರು. ತಿಳಿಸೋದು ತಡ ಆಯ್ತು, ಇವತ್ತು ಐದು ಜನ. ಸಂಜೆ ಒಳಗೆ ಒಬ್ರು ಬನ್ನಿ."

ಬೀರಪ್ಪನವರು ಸಮಾಧಾನದಿಂದಲೇ ಹೇಳಿದರು: "ಇಲ್ಲಮ್ಮ, ನೀವು ಬೇರೆ ಯಾರಿಗೋ ಮಾಡೋ ಫೋನ್ ನನಗೆ ಮಾಡಿದೀರ. ನಮ್ಮದು ಹದಿನಾಲ್ಕು. ಹದಿನಾಲ್ಕು ಈಗಿನ್ನೂ ಊಟ ಮಾಡಿದೆ, ಡಬ್ಬಿ ನನ್ನ ಕೈಲೇ ಇದೆ."

ಆ ಕಡೆ ಹಾಳೆ ಮಗುಚುವ ಸದ್ದಾಯಿತು. "ಹದಿನಾಲ್ಕಲ್ಲ ಅಜ್ಜ. ಕೆಳಗಡೆ ಆಕ್ಸಿಜನ್ ಮೂರು. ಎಂಟನೇ ತಾರೀಕು ಸಂಜೆನೇ ಅವರನ್ನ ಕೆಳಗೆ ತಂದಿದ್ವಲ್ಲ. ಆಮೇಲೆ ಅವರು ಬಾಯಲ್ಲಿ ಏನೂ ತಗೊಂಡಿಲ್ಲ."

ಬೀರಪ್ಪನವರ ಮನಸ್ಸಿಗೆ ಮೊದಲು ಬಂದದ್ದು ಹೆಂಡತಿಯ ಮುಖವಲ್ಲ. ನಲವತ್ನಾಲ್ಕು ವರ್ಷ ಬಾಳಿದವಳು ಹೋದಳೆಂದು ಕೇಳಿದ ಆ ಗಳಿಗೆಯಲ್ಲಿ ಅವರಿಗೆ ತೋಚಿದ್ದು ಒಂದೇ: ಹಾಗಾದರೆ ತಿಂದವರು ಯಾರು? ಅಳು ಆಮೇಲೆ ಬಂತು. ಹಾಗೆ ತಡವಾಗಿ ಬಂದದ್ದಕ್ಕೆ ಅವರು ತಮ್ಮನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಹದಿನಾಲ್ಕು ಎನ್ನುವುದು ಅವರ ಬಾಯಿಗೆ ಅಷ್ಟು ಸಲೀಸಾಗಿ ಬಂದುದಕ್ಕೆ ಕಾರಣವಿತ್ತು. ಬೀರಪ್ಪನವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ಹಾಳೆ ಎಣಿಸಿ ಕಟ್ಟು ಕಟ್ಟುವ ಕೆಲಸದಲ್ಲಿದ್ದವರು. ಅಲ್ಲಿ ಮನುಷ್ಯನಿಗೆ ಹೆಸರಿಗಿಂತ ಮೊದಲು ಟೋಕನ್ ನಂಬರು. ಗೇಟಿನಲ್ಲಿ ನಂಬರು, ಸಂಬಳದ ಚೀಟಿಯಲ್ಲಿ ನಂಬರು, ಊಟದ ಡಬ್ಬಿಯ ಮೇಲೆ ನಂಬರು. "ಆರುನೂರ ಎರಡು ರಜ, ಅವನ ಹೆಂಡ್ತಿ ಹೆತ್ತಿದಾಳೆ" ಎಂದೇ ಮಾತಾಡುತ್ತಿದ್ದರು. ಬೀರಪ್ಪನವರದು ನಾನೂರ ಹದಿನೇಳು. ಕಾರ್ಖಾನೆ ನಿಂತು, ಹೊಗೆಕೊಳವೆ ತಣ್ಣಗಾಗಿ ಎಷ್ಟೋ ವರ್ಷವಾದ ಮೇಲೂ ಕಾಗದನಗರದ ಬಾಡಿಗೆ ಮನೆಯಲ್ಲಿ ಅವರು ಹಳೆಯ ಗೆಳೆಯರನ್ನು ನೆನೆಯುತ್ತಿದ್ದುದು ನಂಬರಿನಿಂದಲೇ.

ಮದುವೆಯಾದ ಹೊಸತರಲ್ಲಿ ನಾಲ್ಕು ಡಬ್ಬಿಯ ಸ್ಟೀಲಿನ ಕ್ಯಾರಿಯರ್ ಕೊಂಡರು. ಪಾತ್ರೆಯಂಗಡಿಯವನು ಹೆಸರು ಕೊರೆಯಲು ಸೂಜಿ ಎತ್ತಿ, "ಏನಂತ ಹಾಕ್ಲಿ?" ಎಂದು ಕೇಳಿದ. ಪುಟ್ಟಲಕ್ಷ್ಮಿ ನಾಚಿ ಸೆರಗಿನ ಅಂಚು ಹಿಡಿದು ನಿಂತಿದ್ದಳು. ಎಲ್ಲರೂ ಹೆಂಡತಿಯ ಹೆಸರನ್ನೋ ಮನೆದೇವರ ಹೆಸರನ್ನೋ ಹಾಕಿಸುವ ಕಡೆ ಬೀರಪ್ಪನವರು, "ನಾನೂರ ಹದಿನೇಳು ಅಂತ ಹಾಕಪ್ಪ" ಎಂದರು. ಮನೆಗೆ ಬಂದ ಮೇಲೆ, "ನಾನು ಸತ್ರೂ ನೀವು ನಂಬರು ಹಾಕಿ ಕಳಿಸೋರೇ" ಎಂದಳು. ಆಮೇಲೆ ಅದು ಅವರಿಬ್ಬರ ನಡುವೆ ತಮಾಷೆಯ ಮಾತಾಗಿ ಉಳಿಯಿತು.

ಮೇ ಮೊದಲ ವಾರ ಅವಳಿಗೆ ಜ್ವರ ಬಂತು. ನಾಲ್ಕನೆಯ ದಿನಕ್ಕೆ ಮಾತಿನ ನಡುವೆ ಉಸಿರು ಎಳೆಯತೊಡಗಿದಳು. ಭದ್ರಾವತಿಯಲ್ಲಿ ಹಾಸಿಗೆ ಇರಲಿಲ್ಲ. ಆಂಬುಲೆನ್ಸು ಶಿವಮೊಗ್ಗದಲ್ಲಿ ಎರಡು ಬಾಗಿಲು ತಟ್ಟಿ ಹಿಂದೆ ಬಂತು. ಮೂರನೆಯದು ಊರ ಹೊರಗಿನ ಒಂದು ವಿದ್ಯಾರ್ಥಿನಿಲಯ. ಹುಡುಗರನ್ನು ಮನೆಗೆ ಕಳಿಸಿ ಅಲ್ಲಿ ಅರವತ್ತು ಹಾಸಿಗೆ ಹಾಕಿದ್ದರು. ಆಮ್ಲಜನಕದ ಕೊಳವೆ ಇದ್ದದ್ದು ಕೆಳಗಿನ ಹತ್ತಕ್ಕೆ ಮಾತ್ರ. ಆ ಹತ್ತರಲ್ಲಿ ಒಂದು ಖಾಲಿಯಾದರೆ ಮೇಲಿನವರಲ್ಲಿ ಒಬ್ಬರು ಕೆಳಗೆ ಬರಬೇಕು. ಖಾಲಿಯಾಗುವುದು ಹೇಗೆಂದು ಯಾರೂ ಕೇಳುತ್ತಿರಲಿಲ್ಲ. ಪುಟ್ಟಲಕ್ಷ್ಮಿಗೆ ಸಿಕ್ಕಿದ್ದು ಮೇಲಿನ ಹದಿನಾಲ್ಕು.

"ಹಾಸಿಗೆ ಬದಲಾದ್ರೆ ಫೋನ್ ಮಾಡೋವಷ್ಟು ಜನ ನಮ್ಮಲ್ಲಿಲ್ಲ. ದಿನಾ ಗೇಟಲ್ಲಿ ಪಟ್ಟಿ ಅಂಟಿಸ್ತೀವಿ, ನೋಡ್ಕೊಳ್ಳಿ" ಎಂದು ಮೊದಲ ದಿನವೇ ಹೇಳಿದ್ದರು.

ಬೀರಪ್ಪನವರು ದಿನವೂ ನೋಡಿದರು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಮನೆದೇವರು ಬೀರದೇವರ ಪಟಕ್ಕೆ ದೀಪ ಹಚ್ಚಿ, ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಒಲೆಯ ಮುಂದೆ ನಿಂತು ಗಂಜಿ ಬೇಯಿಸಿದರು. ತಾನು ಮಾಡುತ್ತೇನೆಂದು ಸಮತಾ ಬೇಡಿಕೊಂಡರೂ ಸೌಟು ಬಿಡಲಿಲ್ಲ. ಸಮತಾಳ ಗಂಡ ಭೀಮೇಶನ ಸ್ಕೂಟರಿನ ಹಿಂದೆ ಕೂತು, ತಡೆದ ಪೊಲೀಸರಿಗೆ ಕ್ಯಾರಿಯರ್ ಎತ್ತಿ ತೋರಿಸಿ, ಹನ್ನೊಂದು ಗಂಟೆಗೆ ಆ ಗೇಟಿನ ಮುಂದೆ ನಿಲ್ಲುತ್ತಿದ್ದರು. ಚೀಟಿಯಲ್ಲಿ '೧೪' ಎಂದು ದಪ್ಪಗೆ ಬರೆದು ಹಿಡಿಗೆ ಕಟ್ಟುತ್ತಿದ್ದರು. ಆಮೇಲೆ ಪಟ್ಟಿಯಲ್ಲಿ ನಂಬರಿನ ಸಾಲಿನ ಮೇಲೆ ಬೆರಳು ಇಳಿಸುತ್ತ ಹದಿನಾಲ್ಕಕ್ಕೆ ಬಂದು, ಅಲ್ಲಿಂದ ನೇರ ಕೊನೆಯ ಅಂಕಣಕ್ಕೆ ಕಣ್ಣು ಹಾಯಿಸುತ್ತಿದ್ದರು. ಮೊದಲು 'ಸ್ಥಿರ' ಎಂದಿತ್ತು. ಹತ್ತನೆಯ ತಾರೀಕಿನಿಂದ 'ಸುಧಾರಣೆ' ಎಂದಾಯಿತು. ನಡುವೆ ಹೆಸರಿನದೊಂದು ಅಂಕಣ ಇತ್ತು. ಅದನ್ನು ಓದಬೇಕೆಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ.

ಮೊದಲ ಮೂರು ದಿನ ಅವಳು ಫೋನಿನಲ್ಲಿ ನಾಲ್ಕು ಮಾತಾಡಿದ್ದಳು. ಕೊನೆಯ ಸಲ, "ರೀ, ನಿನ್ನೆ ಸಾರಿಗೆ..." ಎಂದು ಶುರು ಮಾಡಿದಳು. ಕೆಮ್ಮು ಬಂತು. ಮತ್ತೆ ಫೋನು ಹತ್ತಲಿಲ್ಲ. ಉಸಿರು ಉಳಿಸಿಕೊಳ್ಳಲಿ ಎಂದು ಇವರೂ ಸುಮ್ಮನಾದರು. ಗೇಟಿನಲ್ಲಿ ಕೇಳಿದರೆ ಸಾಕಿತ್ತು. "ಹದಿನಾಲ್ಕು ಹೇಗಿದೆಯಪ್ಪ?" ಎಂದರೆ, ಮೈತುಂಬ ಬಿಳಿ ಉಡುಪಿನ ಕೆಲಸದಾಳು, "ಚೆನ್ನಾಗಿ ತಿಂತಾರೆ ಅಜ್ಜ, ತಾವೇ ಎದ್ದು ಓಡಾಡ್ತಾರೆ" ಎನ್ನುತ್ತಿದ್ದ. ಹದಿನಾಲ್ಕನೆಯ ತಾರೀಕು ಬಸವ ಜಯಂತಿಯ ದಿನ ಶಾವಿಗೆ ಪಾಯಸ ಮಾಡಿ ಕಳಿಸಿದರು. ಅಂದು ಪಾಯಸದ ಡಬ್ಬಿಯೊಂದು ಹಿಂದಿರುಗಲಿಲ್ಲ. ಸಂಜೆಗೆಂದು ಇಟ್ಟುಕೊಂಡಿದ್ದಾಳೆ, ಸಿಹಿ ಅಂದರೆ ಪ್ರಾಣ ಅವಳಿಗೆ ಎಂದು ಆ ರಾತ್ರಿ ಅವರು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದ್ದರು.

ಸುದ್ದಿ ಬಂದ ಮಧ್ಯಾಹ್ನ ಭೀಮೇಶನ ಜೊತೆ ಗೇಟಿಗೆ ಹೋದಾಗ ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಬೀರಪ್ಪನವರು ಬೆರಳಿಟ್ಟರು. ಹದಿನಾಲ್ಕು. ಹಫೀಜಾ. ಅರವತ್ತೊಂದು ವರ್ಷ. ಸುಧಾರಣೆ. ಪಕ್ಕದಲ್ಲಿ ಕೆಳಮಹಡಿಯ ಬೇರೆ ಹಾಳೆ. ಅದರಲ್ಲಿ ಮೂರನೆಯ ನಂಬರಿನ ಮುಂದೆ ಪುಟ್ಟಲಕ್ಷ್ಮಿಯ ಹೆಸರು. ಅದು ಎಂಟು ದಿನವೂ ಅಲ್ಲೇ ಇತ್ತು, ಇವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ.

"ಬನ್ನಿ ಮಾವ" ಎಂದ ಭೀಮೇಶ್.

"ಇವಳು ಬದುಕ್ತಾಳೆ ನೋಡು ಭೀಮೇಶ್" ಎಂದರು ಬೀರಪ್ಪನವರು ಹಫೀಜಾ ಎಂಬ ಹೆಸರಿನ ಮೇಲಿನ ಬೆರಳು ತೆಗೆಯದೆ. "ನನ್ನ ಕೈಯ ಊಟ ತಿಂದು ಬದುಕ್ತಾಳೆ."

ಪುಟ್ಟಲಕ್ಷ್ಮಿಯನ್ನು ಅವರು ನೋಡಿದ್ದು ಮೂವತ್ತು ಅಡಿ ದೂರದಿಂದ, ಅದೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು. ಬಾಯಿಗೆ ನೀರು ಬಿಡಲಾಗಲಿಲ್ಲ. ಮೂರನೆಯ ದಿನ ಕೊಟ್ಟ ಬೂದಿಯ ಕುಡಿಕೆಯನ್ನು ಅವಳ ತವರು ಹೊಳಲೂರಿಗೆ ಒಯ್ದು ತುಂಗಭದ್ರೆಯಲ್ಲಿ ಬಿಟ್ಟು, ಕಾಗದನಗರದ ಮನೆಗೆ ಬಂದು ಬೀಗ ತೆಗೆದರು.

ಬೀರಪ್ಪನವರು ದೈವಭಕ್ತರು. ಸಾವಿನ ಮುಂದೆ ತಲೆ ಬಾಗಿಸಲು ಅವರಿಗೆ ಗೊತ್ತಿತ್ತು. ಉಸಿರಿಗೆ ಸಾಲುವಷ್ಟು ಗಾಳಿಯನ್ನೂ ಕೊಡಲಾಗದ ನಾಡು ನಮ್ಮದು, ಹತ್ತು ಕೊಳವೆಗೆ ಅರವತ್ತು ಮೂಗು, ಯಾರನ್ನು ದೂರುವುದು ಎಂದು ತಮಗೆ ತಾವೇ ಹೇಳಿಕೊಂಡರು. ವೈದ್ಯರ ಮೇಲೆ, ಸರ್ಕಾರದ ಮೇಲೆ, ದೇವರ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು. ಅದು ಕಾಣದ ಒಬ್ಬ ಹೆಂಗಸಿನ ಮೇಲೆ.

ಸಂಜೆ ದೀಪ ಹಚ್ಚಿ ಹೆಂಡತಿಯ ಪಟದ ಮುಂದೆ ಕೈಮುಗಿದು, "ನನ್ನ ಪುಟ್ಟಲಕ್ಷ್ಮಿಗೆ" ಎಂದು ಶುರು ಮಾಡುವರು. ಮುಂದೆ ಶಾಂತಿ ಕೊಡು ಎನ್ನಬೇಕು. ಅಷ್ಟರಲ್ಲಿ ಕಣ್ಣ ಮುಂದೆ ಒಂದು ಬಾಯಿ ಬರುತ್ತಿತ್ತು. ಮುಖವಿಲ್ಲದ ಬರೀ ಬಾಯಿ. ಅದು ಗಂಜಿ ಕುಡಿಯುತ್ತಿತ್ತು, ಡಬ್ಬಿ ಬಳಿಯುತ್ತಿತ್ತು, ಶಾವಿಗೆ ಹೀರುತ್ತಿತ್ತು. ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತಿತ್ತು. ಹನ್ನೊಂದನೆಯ ದಿನ ನಿಂತಿತು. ತಿಂಗಳ ದಿನವೂ ನಿಂತಿತು. ಆ ಮಾತು ಪೂರ್ತಿಯಾಗದೆ ಅವಳಿಗೆ ದಾರಿ ಸಾಗುವುದಿಲ್ಲವೆಂದು ಅವರು ಮನಸಾರೆ ನಂಬಿದ್ದರು. ಆದರೂ ನಾಲಿಗೆ ಏಳುತ್ತಿರಲಿಲ್ಲ.

ಪಡಿತರದ ಅಂಗಡಿಯಲ್ಲಿ ಬುರ್ಖಾ ಹಾಕಿದ ವಯಸ್ಸಾದವರು ಕಂಡರೆ, ಇವಳೇ ಇರಬಹುದೇ, ಮೈ ತುಂಬಿಕೊಂಡಿದ್ದಾಳೆಯೇ ಎಂದು ನೋಡುವರು. ಅವಳ ಮನೆಯಲ್ಲಿ ಯಾರೋ, "ಅಮ್ಮಾ, ಏನು ತಿಂದು ಹುಷಾರಾದೆ?" ಎಂದು ಕೇಳುತ್ತಿರಬಹುದು. ಅವಳು ನಗುತ್ತಿರಬಹುದು. ಜೂನ್ ಕೊನೆಯಲ್ಲಿ ಒಂದು ದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಆ ವಿದ್ಯಾರ್ಥಿನಿಲಯದ ಗೇಟಿನಲ್ಲಿ ಕೇಳಿದರು.

"ಹದಿನಾಲ್ಕರಲ್ಲಿ ಒಬ್ರು ಇದ್ರಲ್ಲ, ಹಫೀಜಾ ಅಂತ. ಏನಾದ್ರು?"

"ಮನೆಗೆ ಹೋದ್ರು ಅಜ್ಜ. ನಡ್ಕೊಂಡೇ ಹೋದ್ರು" ಎಂದ ಕಾವಲಿನವನು.

ಹಿಂದಿರುಗುವ ಬಸ್ಸಿನಲ್ಲಿ ಕೂತಾಗ ತಾವು ಯಾವ ಉತ್ತರ ಬಯಸಿ ಅಷ್ಟು ದೂರ ಹೋಗಿದ್ದೆವೆಂಬುದು ಅವರಿಗೆ ಹೊಳೆಯಿತು. ಮನೆಗೆ ಬಂದವರೇ ತಲೆಯ ಮೇಲೆ ನೀರು ಸುರಿದುಕೊಂಡು ಬೀರದೇವರ ಪಟದ ಮುಂದೆ ಅಡ್ಡಬಿದ್ದರು. ಆ ದಿನವಂತೂ ಪುಟ್ಟಲಕ್ಷ್ಮಿಯ ಹೆಸರನ್ನು ಎತ್ತುವ ಧೈರ್ಯವೂ ಬರಲಿಲ್ಲ.

ಅಕ್ಟೋಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಗತಿಸಿದ ಹಿರಿಯರಿಗೆ ಅವರಿಗಿಷ್ಟವಾದ ಅಡುಗೆ ಮಾಡಿ ಎಡೆ ಇಡುವ ದಿನ. ಸಮತಾ ಹಿಂದಿನ ದಿನವೇ ಬಂದಿದ್ದಳು. ಅಡುಗೆ ಮಾತ್ರ ಬೀರಪ್ಪನವರದೇ. ಹುರುಳಿ ಕಟ್ಟಿನ ಸಾರು ಕುದಿಯುತ್ತಿತ್ತು. ಶಾವಿಗೆ ಹುರಿದಿಟ್ಟಿದ್ದರು. ಇವತ್ತಾದರೂ ಮಾತು ಮುಗಿಸಬೇಕು, ತಪ್ಪಿದರೆ ಇನ್ನೊಂದು ವರ್ಷ ಅವಳು ಹೊಸ್ತಿಲ ಹೊರಗೇ ನಿಂತಿರುತ್ತಾಳೆ ಎಂಬ ಅಂಜಿಕೆ ಬೆಳಗಿನಿಂದ ಹೊಟ್ಟೆಯಲ್ಲಿತ್ತು.

ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು.

"ಮಾವ, ಯಾರೋ ನಾನೂರ ಹದಿನೇಳು ಮನೆ ಇದೇನಾ ಅಂತ ಕೇಳ್ತಿದಾರೆ" ಎಂದಳು ಸಮತಾ ಬೆರಗಿನಿಂದ.

ಬೀರಪ್ಪನವರು ಸೌಟು ಹಿಡಿದೇ ಹೊರಗೆ ಬಂದರು. ಜಗಲಿಯ ಕೆಳಗೆ ಸಣಕಲು ಹೆಂಗಸೊಬ್ಬಳು ನಿಂತಿದ್ದಳು. ತಲೆಯ ಮೇಲೆ ಕಪ್ಪು ದುಪಟ್ಟ. ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಹಿಂದೆ ಆಟೋದ ಪಕ್ಕದಲ್ಲಿ ಗ್ರೀಸು ಮೆತ್ತಿದ ಅಂಗಿಯ, ಮೂವತ್ತು ದಾಟಿದವನೊಬ್ಬ ನಿಂತಿದ್ದ. ಅವಳ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಕಂಠದ ಹತ್ತಿರ ಕೊರೆದ ಅಂಕಿಗಳು ಇಲ್ಲಿಂದಲೇ ಕಾಣುತ್ತಿದ್ದವು.

"ಅಣ್ಣಾ, ಇದು ನಿಮ್ಮದು" ಎಂದಳು ಅವಳು. "ನನ್ನ ಹೆಸರು ಹಫೀಜಾ. ಇಲ್ಲೇ ಭದ್ರಾವತಿ ಹಳೇ ಊರೋಳು. ಇವನು ನನ್ನ ಮಗ ಲತೀಫ್, ಲಾರಿ ಗ್ಯಾರೇಜು ಇಟ್ಕೊಂಡಿದಾನೆ. ಡಬ್ಬಿ ನೋಡಿ ಇದು ಮಿಲ್ಲಿನೋರ ಟೋಕನ್ನು ಅಂದ. ಆಮೇಲೆ ಹಳಬ್ರನ್ನ ಕೇಳಿ ಕೇಳಿ ಹುಡುಕಿದ."

ಬೀರಪ್ಪನವರು ಇಷ್ಟು ದಿನ ಮನಸ್ಸಿನಲ್ಲಿ ಸಾಕಿದ್ದ ಬಾಯಿಗೆ ಈಗ ಮುಖ ಬಂದಿತ್ತು. ಅದು ಅವರು ಎಣಿಸಿದಂತೆ ದುಂಡಗಿರಲಿಲ್ಲ. ಆದರೂ ಅದು ಉಸಿರಾಡುತ್ತಿತ್ತು. ಒಳಗೆ ಪಟದಲ್ಲಿದ್ದವಳು ಉಸಿರಾಡುತ್ತಿರಲಿಲ್ಲ.

"ಐದು ತಿಂಗಳು ಬೇಕಾಯ್ತಾ ಒಂದು ಡಬ್ಬಿ ತರೋಕೆ?" ಎಂದರು.

"ಮಾವ" ಎಂದಳು ಸಮತಾ ಮೆಲ್ಲಗೆ.

"ನೀನು ಸುಮ್ನಿರು ಮಾರಾಯ್ತಿ. ಹೇಳಮ್ಮ. ಊಟ ಯಾರದು ಅಂತ ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ ಎಂದುಬಿಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಬೀರಪ್ಪನವರೂ ಒಳಗೊಳಗೆ ಅದನ್ನೇ ಕಾಯುತ್ತಿದ್ದರು. ಹಫೀಜಾ ಡಬ್ಬಿಯನ್ನು ಜಗಲಿಯ ಅಂಚಿನಲ್ಲಿಟ್ಟು ಕೈ ಕಟ್ಟಿಕೊಂಡಳು.

"ಮೊದಲ್ನೇ ದಿನ ಗೊತ್ತಿರಲಿಲ್ಲ. ಎರಡ್ನೇ ದಿನ ಅನುಮಾನ ಬಂತು. ನಮ್ಮನೇಲಿ ಎಲ್ಲರಿಗೂ ಬಂದಿತ್ತು ಅಣ್ಣಾ, ಬೀದಿಗೆ ಬೇಲಿ ಹಾಕಿದ್ರು, ಊಟ ಕಳಿಸೋರು ಯಾರು? ಮೂರ್ನೇ ದಿನ ಕೇಳಿದೆ. ನಂಗಿಂತ ಮುಂಚೆ ಒಬ್ರು ಅಜ್ಜಿ ಇದ್ರು, ಅವರಿಗೆ ಉಸಿರು ಕಮ್ಮಿಯಾಗಿ ಕೆಳಗೆ ಕರ್ಕೊಂಡು ಹೋದ್ರು ಅಂದ್ರು. ಹಾಗಾದ್ರೆ ಇದನ್ನ ಕೆಳಗೆ ಕೊಡಪ್ಪ ಅಂದೆ."

"ಅಂದ್ಯಾ?"

"ಒಂದ್ಸಲ ಅಂದೆ. ಆ ಹುಡ್ಗ ಹೇಳ್ದ: ಅಮ್ಮಾ, ಮೇಲಿನ ಐವತ್ತು ಹಾಸಿಗೆಗೆ ನಾನೊಬ್ಬ. ಕೆಳಗೆ ಹೋದ್ರೆ ಈ ಉಡುಪು ಬಿಸಾಕಿ ಬೇರೆ ಹಾಕ್ಕೋಬೇಕು. ದಿನಕ್ಕೆ ಒಂದೇ ಕೊಡ್ತಾರೆ. ಅಲ್ಲಿ ಮುಖಕ್ಕೆ ಮಾಸ್ಕು ಕಟ್ಟಿರ್ತಾರೆ, ಯಾರೂ ತಿನ್ನಲ್ಲ. ನೀವು ತಿನ್ನಿ ಅಂದ. ಮತ್ತೆ ನಾನು ಹೇಳಲಿಲ್ಲ. ಹೇಳಿದ್ರೆ ಊಟ ನಿಂತುಹೋಗ್ತಿತ್ತು. ಅಲ್ಲಿ ಕೊಡೋ ಚಿತ್ರಾನ್ನ ಗಂಟಲಲ್ಲಿ ಇಳೀತಿರಲಿಲ್ಲ. ನಿಮ್ಮ ಗಂಜಿ ಇಳೀತಿತ್ತು. ಗೊತ್ತಿದ್ದೇ ತಿಂದೆ ಅಣ್ಣಾ. ಅದನ್ನ ಹೇಳೋಕೇ ಇಷ್ಟು ದಿನ ಬೇಕಾಯ್ತು. ಡಬ್ಬಿ ಬೇಕಾದ್ರೆ ಲತೀಫ್ ಕೈಲಿ ಕಳಿಸಬಹುದಿತ್ತು."

ಲತೀಫ್ ತಲೆ ತಗ್ಗಿಸಿ ಆಟೋದ ಚಕ್ರ ನೋಡುತ್ತಿದ್ದ.

"ಅವಳನ್ನ ನೋಡಿದ್ಯಾ? ಏನಾದ್ರೂ ಅಂದಿದ್ಳಾ, ಯಾರಾದ್ರೂ ಹೇಳಿದ್ರಾ?" ಕೇಳಬಾರದೆಂದುಕೊಂಡಿದ್ದರೂ ಬೀರಪ್ಪನವರ ಬಾಯಿಂದ ಹೊರಟಿತು.

"ಇಲ್ಲ ಅಣ್ಣಾ. ನಾನು ಬಂದಾಗ ಹಾಸಿಗೆ ಖಾಲಿ ಇತ್ತು. ದಿಂಬಿನ ಕೆಳಗೆ ಒಂದು ಹೇರ್‌ಪಿನ್ನು ಸಿಕ್ತು, ಅಷ್ಟೇ. ಅದನ್ನೂ ಅವರು ಬಿಸಾಕಿದ್ರು."

ಅವಳು ಸುಳ್ಳು ಹೇಳಿ ಒಂದು ಮಾತನ್ನಾದರೂ ಕಟ್ಟಿಕೊಡಬಹುದಿತ್ತು. ಕೊಡಲಿಲ್ಲ. ಬೀರಪ್ಪನವರು ಜಗಲಿಯ ಕಂಬ ಹಿಡಿದುಕೊಂಡರು.

"ನಿನಗೆ ನನ್ನ ಮೇಲೆ ಸಿಟ್ಟು ಅಂತ ಗೊತ್ತು" ಎಂದಳು ಹಫೀಜಾ. ಅವಳ ಮಾತು ಬಹುವಚನದಿಂದ ಏಕವಚನಕ್ಕೆ ಜಾರಿದ್ದನ್ನು ಅವಳೂ ಗಮನಿಸಲಿಲ್ಲ, ಇವರೂ ಗಮನಿಸಲಿಲ್ಲ. "ನನಗೂ ಇತ್ತು. ಆ ಅಜ್ಜಿ ಮೇಲೆ."

"ಅವಳ ಮೇಲಾ? ಅವಳು ನಿನಗೇನು ಮಾಡಿದ್ಳು?"

"ಏನೂ ಇಲ್ಲ. ಮಲಗಿದಲ್ಲೇ ಹೊಟ್ಟೆ ಉರೀತಿತ್ತು. ನಮ್ಮನೆಯೋರು ಹೋಗಿ ಎಂಟು ವರ್ಷ ಆಯ್ತು, ಒಳ್ಳೆ ಮನುಷ್ಯರೇ. ಆದ್ರೆ ಮೂವತ್ತು ವರ್ಷದಲ್ಲಿ ನಾನು ಜ್ವರ ಬಂದು ಬಿದ್ರೂ ಒಂದು ಲೋಟ ಟೀ ಕಾಸಿ ಕೊಟ್ಟೋರಲ್ಲ. ಇಲ್ಲಿ ನೋಡಿದ್ರೆ ಯಾರೋ ಗಂಡಸು, ಅಡುಗೆ ಬಾರದೋನು—"

"ಬಾರದೋನು ಅಂತ ನಿನಗೆ ಹೆಂಗೆ ಗೊತ್ತು?"

"ಗಂಜೀಲಿ ಗೊತ್ತಾಗಲ್ವಾ? ಮೊದಲ್ನೇ ದಿನ ತಳ ಹತ್ತಿತ್ತು. ಮಾರನೇ ದಿನ ನೀರು ನೀರು. ದಿನಾ ಒಂದೊಂದು ಸರಿ ಮಾಡ್ಕೊಂಡು ಬರ್ತಿದ್ದ. ಯಾರಿಗೋಸ್ಕರ ಇಷ್ಟು ಕಷ್ಟ ಪಡ್ತಾನೆ, ಯಾರವಳು ಈ ಅದೃಷ್ಟವಂತೆ ಅಂತ ಡಬ್ಬಿ ತೆಗೆದಾಗೆಲ್ಲ ಅನ್ನಿಸ್ತಿತ್ತು. ರಂಜಾನ್ ಹಬ್ಬದ ದಿನ ಶಾವಿಗೆ ಬಂತು. ನಂಗೆ ಉಪವಾಸ ಮಾಡೋಕೂ ಆಗಿರಲಿಲ್ಲ, ನಮಾಜಿಗೆ ಏಳೋಕೂ ಆಗಿರಲಿಲ್ಲ. ಅವತ್ತು ಆ ಡಬ್ಬಿ ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ. ಒಂದಾದ್ರೂ ನನ್ನದಾಗಿ ಇರ್ಲಿ ಅಂತ ಬಟ್ಟೆ ಗಂಟಲ್ಲಿ ಬಚ್ಚಿಟ್ಟೆ. ಅದು ಕಳ್ಳತನ."

ಬೀರಪ್ಪನವರು ಡಬ್ಬಿ ಎತ್ತಿಕೊಂಡರು. ಹುಣಿಸೆಹಣ್ಣು ಹಾಕಿ ಬೆಳಗಿದ್ದಳು. ನಾನೂರ ಹದಿನೇಳು ಫಳಫಳಿಸುತ್ತಿತ್ತು.

ಅವರ ಪುಟ್ಟಲಕ್ಷ್ಮಿ ಬಡ ಹೆಂಗಸು. ಕೊರಳಲ್ಲಿ ಕರಿಮಣಿ ಬಿಟ್ಟರೆ ಬೇರೆ ಕಂಡವಳಲ್ಲ. ಮಕ್ಕಳಿಲ್ಲದವಳೆಂದು ನೆರೆಯವರು ಸೀಮಂತಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತಿದ್ದರು. ಅವಳನ್ನು ಕಂಡು ಕರುಬಿದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಐದು ತಿಂಗಳು ಬೀರಪ್ಪನವರು ಅವಳನ್ನು ನೆನೆದಾಗಲೆಲ್ಲ ಕಂಡದ್ದು ಏನೂ ಸಿಗದೆ ಹೋದವಳನ್ನೇ. ಗಾಳಿ ಸಿಗಲಿಲ್ಲ, ನೀರು ಸಿಗಲಿಲ್ಲ, ಗಂಜಿ ಸಿಗಲಿಲ್ಲ, ಗಂಡನಿಂದ ಹೆಸರೂ ಸಿಗಲಿಲ್ಲ. ಈಗ ಈ ಸಣಕಲು ಹೆಂಗಸು ಅಂಗಳದಲ್ಲಿ ನಿಂತು, ನಿನ್ನ ಹೆಂಡತಿಯನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟೆ ಎನ್ನುತ್ತಿದ್ದಳು.

"ಸಾರು?" ಎಂದರು ಅವರು. "ಸಾರು ಹೇಗಿತ್ತು?"

ಹಫೀಜಾ ಮಗನ ಕಡೆ ನೋಡಿದಳು.

"ಹೇಳು. ಅವಳು ಫೋನಲ್ಲಿ ಏನೋ ಹೇಳೋಕೆ ಬಂದ್ಳು, ಸಾರಿಗೆ ಅಂತ. ಪೂರ್ತಿ ಹೇಳಲಿಲ್ಲ. ನಂಗೆ ಗೊತ್ತಾಗಬೇಕು."

"ಉಪ್ಪು ಅಣ್ಣಾ" ಎಂದಳು ಹಫೀಜಾ. "ಕೈ ಜಾಸ್ತಿ ಬೀಳ್ತಿತ್ತು. ನಾನು ನೀರು ಬೆರೆಸಿ ಕುಡೀತಿದ್ದೆ. ಕೊನೇ ದಿನವೂ ಹಾಗೇ ಇತ್ತು. ಗಂಜಿ ಸರಿಹೋಯ್ತು, ಸಾರು ಮಾತ್ರ ಸರಿಹೋಗಲೇ ಇಲ್ಲ."

ಸಮತಾ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನಾನು ದಿನಾ ಹೇಳ್ತಿದ್ದೆ ಮಾವ. ಕೇಳಿದ್ರಾ ನೀವು?"

ಬೀರಪ್ಪನವರು ಒಳಗೆ ಹೋದರು. ಕುದಿಯುತ್ತಿದ್ದ ಸಾರನ್ನು ಸೌಟಿನಲ್ಲಿ ತೆಗೆದು ಅಂಗೈಗೆ ಹನಿಸಿಕೊಂಡರು. ಎಡೆಗೆ ಇಡುವ ಅಡುಗೆಯ ರುಚಿ ನೋಡುವಂತಿಲ್ಲ. ಹಾಗಾಗಿ ಅಂಗೈಯನ್ನು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಒಂದು ಚೆಂಬು ಬಿಸಿನೀರನ್ನು ಪಾತ್ರೆಗೆ ಸುರಿದು, ಮತ್ತೆ ಒಂದು ಕುದಿ ಬರಿಸಿದರು. ಹೊರಗೆ ಬಂದು, "ಕೂತ್ಕೊಳಮ್ಮ. ಎಡೆ ಆದ್ಮೇಲೆ ಊಟ ಮಾಡ್ಕೊಂಡು ಹೋಗು. ಲತೀಫಪ್ಪ, ನೀನೂ ಒಳಗೆ ಬಾ" ಎಂದರು. ಹೇಳುವಾಗಲೂ ಅವಳ ಮುಖವನ್ನು ನೇರವಾಗಿ ನೋಡಲಾಗಲಿಲ್ಲ. ಅವಳ ಎದೆ ಏರಿ ಇಳಿಯುವುದು ಕಣ್ಣಿಗೆ ಬೀಳುತ್ತಲೇ ಇತ್ತು. ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾದೀತು. ಅದು ಒಂದು ಮೂಲೆಗೆ ಸರಿದು ಕೂತಿತು, ಅಷ್ಟೇ.

ಬಾಳೆಲೆಯ ಮೇಲೆ ಅನ್ನ, ಸಾರು, ಪಲ್ಯ ಬಡಿಸಿದರು. ಶಾವಿಗೆ ಪಾಯಸವನ್ನು ಮಾತ್ರ ಎಲೆಗೆ ಹಾಕದೆ, ತಿರುಗಿ ಬಂದ ಆ ಡಬ್ಬಿಯಲ್ಲೇ ತುಂಬಿ ಪಟದ ಮುಂದೆ ಇಟ್ಟರು. ಧೂಪ ಹಾಕಿದರು. ಜಗಲಿಯಲ್ಲಿ ಹಫೀಜಾ ತನ್ನ ಪಾಡಿಗೆ ತಾನು ಎರಡು ಅಂಗೈ ಎತ್ತಿ, ಕಣ್ಣು ಮುಚ್ಚಿ ಏನನ್ನೋ ಪಿಸುಗುಟ್ಟುತ್ತಿದ್ದಳು. ಬೀರಪ್ಪನವರು ಕೈಮುಗಿದು ನಿಂತರು. ಬಾಯೊಂದು ಕಣ್ಣ ಮುಂದೆ ಬಂತು. ಈ ಸಲ ಅವರು ಅದನ್ನು ಓಡಿಸಲಿಲ್ಲ. ಅದು ತಿನ್ನುತ್ತಿರಲಿ ಎಂದು ಬಿಟ್ಟು, ಮುಂದಿನ ಮಾತಿಗೆ ನಾಲಿಗೆ ಹೊರಳಿಸಿದರು.

"ಬೀರದೇವರೇ, ನಮ್ಮಪ್ಪ. ನನ್ನ ಪುಟ್ಟಲಕ್ಷ್ಮಿ ನಿನ್ನ ಹತ್ರ ಬಂದಿದಾಳೆ. ಹೊಳಲೂರು ಹೆಣ್ಣು, ಅರವತ್ನಾಲ್ಕು ವರ್ಷ, ಎಡಗಲ್ಲದ ಮೇಲೆ ಮಚ್ಚೆ. ನೀನು ಅವಳನ್ನ ಹೆಸರಿಟ್ಟು ಕರಿ. ನನ್ನ ಹಾಗೆ ನಂಬರು ಹಿಡಿದು ಕರೀಬೇಡ. ಉಸಿರಿಗೋಸ್ಕರ ಬಹಳ ಕಷ್ಟಪಟ್ಟಳು. ಇನ್ನು ಅವಳಿಗೆ ಆ ಕಷ್ಟ ಬೇಡ. ಹಸಿದು ಬಂದಿದಾಳೆ, ನಿನ್ನ ಮನೇಲಿ ಮೊದಲ ತುತ್ತು ಅವಳಿಗೆ ಹಾಕು. ಅವಳ ಪಾಲಿನ ಗಂಜಿ ಯಾರ ಹೊಟ್ಟೆ ಸೇರಿತೋ ಅವರನ್ನೂ ಚೆನ್ನಾಗಿಡು, ಅದರ ಪುಣ್ಯ ಅವಳಿಗೇ ಬರಲಿ. ನನ್ನ ಹೊಟ್ಟೆಕಿಚ್ಚು ಅವಳ ದಾರಿಗೆ ಅಡ್ಡ ಬಾರದಿರಲಿ. ನನ್ನ ಪುಟ್ಟಲಕ್ಷ್ಮಿಗೆ ಶಾಂತಿ ಕೊಡು ತಂದೆ, ಶಾಂತಿ ಕೊಡು."